ಕೈಕಾಲು ಮಾತು ಕೇಳದವರಿಗೆ ಮಾಗಿ ಚಳಿ ಕಳೆಯುವ ಬಗೆ

ಮೈಸೂರಿನಲ್ಲಿ ಉಷ್ಣಾಂಶ 12 ಡಿಗ್ರಿಗೆ ಇಳಿಯಿತು ಎಂದು ಪತ್ರಿಕೆಯಲ್ಲಿ ಬಂದರೆ ಉತ್ತರ ಭಾರತದವರು ನಗುತ್ತಾರೆ. ನಗಲಿ. ಅವರ ಊರಿನಲ್ಲಿ ಚಳಿಗೆಂದೇ ಹೊಲಿಸಿದ ರಜಾಯಿ ಇರುತ್ತದೆ, ಚಳಿ ಬರುತ್ತದೆಂಬ ಎಚ್ಚರ ಇರುತ್ತದೆ. ಮೈಸೂರು, ಮಂಡ್ಯದ ಮನೆಗಳನ್ನು ಕಟ್ಟಿರುವುದೇ ಬೇಸಿಗೆಯನ್ನು ಲೆಕ್ಕದಲ್ಲಿಟ್ಟುಕೊಂಡು. ಕಾಲಿಟ್ಟರೆ ತಣ್ಣಗೆ ಹತ್ತುವ ರೆಡ್ ಆಕ್ಸೈಡ್ ನೆಲ, ಗಾಳಿಯಾಡಲೆಂದು ಬಿಟ್ಟ ವೆಂಟಿಲೇಟರು, ಬಚ್ಚಲುಮನೆಯಲ್ಲಿ ಮುಚ್ಚಲು ಬಾರದ ಜಾಲರಿ ಕಿಟಕಿ. ಓಡಾಡುವವರಿಗೆ ಇದೊಂದೂ ಕಾಣಿಸುವುದಿಲ್ಲ. ಹಾಲಿನ ಅಂಗಡಿಯವರೆಗೆ ಹೋಗಿ ಬಂದರೆ ಅವರ ಮೈ ಬೆಚ್ಚಗಾಗಿರುತ್ತದೆ.

ಕುಳಿತಲ್ಲೇ ಇರುವವರ ಲೆಕ್ಕ ಬೇರೆ. ಮೈಗೆ ಬೇಕಾದ ಶಾಖದ ದೊಡ್ಡ ಪಾಲು ಹುಟ್ಟುವುದು ಸ್ನಾಯುಗಳು ದುಡಿದಾಗ. ಸ್ನಾಯು ದುಡಿಯದಿದ್ದರೆ ಶಾಖವೂ ಕಡಿಮೆ. ಅದರ ಮೇಲೆ ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಸವೆದ ಮಂಡಿ ಬಿಗಿಯುತ್ತದೆ, ಪಾರ್ಶ್ವವಾಯು ಆದವರ ಕೈ ಮತ್ತಷ್ಟು ಮಡಚಿಕೊಳ್ಳುತ್ತದೆ. ನಾನು ಪೋಲಿಯೊ ಆದ ಕಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಲೋಹದ ಪಟ್ಟಿ) ಹಾಕಿಕೊಂಡು ನಡೆಯುವವನು. ಡಿಸೆಂಬರ್ ಬಂತೆಂದರೆ ಆ ಕಾಲು ಪಾದದಿಂದ ಮೇಲಕ್ಕೆ ನೀಲಿಗಟ್ಟಿ ತಣ್ಣಗಾಗುತ್ತದೆ. ಎರಡು ಕಾಲುಚೀಲ ಹಾಕಿದರೂ ಅದು ಕ್ಯಾರೇ ಅನ್ನುವುದಿಲ್ಲ.

ಮಂಡಿ ಸವೆದವರು, ವಾಕರ್ ಹಿಡಿದವರು, ವೀಲ್‌ಚೇರಿನಲ್ಲಿರುವವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಎಲ್ಲರಿಗೂ ಅನ್ವಯಿಸುವಂತೆ ಬರೆಯಲು ಪ್ರಯತ್ನಿಸಿದ್ದೇನೆ. ನಿಮಗೆ ಬೇಡವಾದದ್ದನ್ನು ದಾಟಿಕೊಂಡು ಹೋಗಿ.

ಮೊದಲ ಕೆಲಸ: ಬೆಳಗನ್ನು ಬಿಟ್ಟುಕೊಡಿ

ಮಾಗಿಯಲ್ಲಿ ಹೆಚ್ಚಿನ ತೊಂದರೆಯೆಲ್ಲ ಬೆಳಗಿನ ಜಾವ ನಾಲ್ಕರಿಂದ ಒಂಬತ್ತರ ಒಳಗೆ. ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವಾಗಲೇ 6.40 ಆಗಿರುತ್ತದೆ, ನೆಲ ಬಿಸಿಯಾಗಲು ಇನ್ನೂ ಎರಡು ಮೂರು ಗಂಟೆ ಬೇಕು. ಹತ್ತು ಗಂಟೆಯ ನಂತರ ಇದೇ ಊರು ಹಿತವಾಗಿರುತ್ತದೆ. ಆದ್ದರಿಂದ ಹೊಸದಾಗಿ ಏನನ್ನಾದರೂ ಕೊಳ್ಳುವ ಮೊದಲು ದಿನದ ವೇಳೆಯನ್ನು ಬದಲಿಸಿ. ಸ್ನಾನ, ವ್ಯಾಯಾಮ, ಬ್ಯಾಂಕು, ಆಸ್ಪತ್ರೆ, ಎಲ್ಲವನ್ನೂ ಎರಡು ಮೂರು ಗಂಟೆ ಮುಂದಕ್ಕೆ ತಳ್ಳಿ. ಫಿಸಿಯೋಥೆರಪಿಗೆ ಬೆಳಗ್ಗೆ ಎಂಟರ ಸಮಯ ಕೊಟ್ಟಿದ್ದರೆ ಹನ್ನೊಂದಕ್ಕೆ ಬದಲಿಸಿಕೊಡಿ ಎಂದು ಕೇಳಿ. ಬಿಗಿದ ಸ್ನಾಯುವನ್ನು ಎಳೆದಾಡುವುದರಿಂದ ಚಿಕಿತ್ಸಕರಿಗೂ ಪ್ರಯೋಜನವಿಲ್ಲ.

ಇದಕ್ಕೆ ಅಡ್ಡ ಬರುವುದು ಧನುರ್ಮಾಸ. ಮದ್ದೂರಿನ ಕಡೆ ಇರುವ ನಮ್ಮ ದೊಡ್ಡಮ್ಮನಿಗೆ ಎರಡೂ ಮಂಡಿ ಹೋಗಿವೆ, ಆದರೂ ನಸುಕಿನಲ್ಲಿ ಎದ್ದು ಮೀಯಬೇಕು. "ಬಿಸಿಲೇರಿದ ಮೇಲೆ ಸ್ನಾನ ಮಾಡಿದರೆ ಆಗುವುದಿಲ್ಲವೇ ದೊಡ್ಡಮ್ಮ?" ಎಂದರೆ, "ದೇವರಿಗೆ ಹೊತ್ತಿಗೆ ಸರಿಯಾಗಿ ಪೂಜೆ ಆಗಬೇಕಪ್ಪ, ಅವನಿಗೇನು ಮಂಡಿನೋವೇ?" ಎನ್ನುತ್ತಾರೆ. ಕೊನೆಗೆ ಒಂದು ರಾಜಿ ಆಯಿತು: ನಸುಕಿನಲ್ಲಿ ಬಿಸಿನೀರಿನಲ್ಲಿ ಕೈಕಾಲು ಮುಖ ತೊಳೆದು ಕುರ್ಚಿಯಲ್ಲಿ ಕುಳಿತೇ ದೀಪ ಹಚ್ಚುವುದು, ತಲೆಗೆ ನೀರು ಹಾಕಿಕೊಳ್ಳುವುದು ಹತ್ತೂವರೆಯ ಮೇಲೆ. ಹುಗ್ಗಿ ಮಾತ್ರ ಬೆಳಗ್ಗೆಯೇ ಬೇಕು. ಅದಕ್ಕೆ ಯಾವ ವೈದ್ಯರೂ ಬೇಡ ಎನ್ನಲಾರರು, ಸಕ್ಕರೆ ಕಾಯಿಲೆ ಇದ್ದರೆ ಖಾರದ ಹುಗ್ಗಿ.

ಹಾಸಿಗೆಯಿಂದ ಏಳುವ ಕ್ರಮ

ಎಚ್ಚರವಾದ ಕೂಡಲೇ ಹೊದಿಕೆ ಕಿತ್ತೆಸೆದು ಏಳುವುದು ಬೇಡ. ಕ್ರಮ ಹೀಗಿರಲಿ:

1. ಕಂಬಳಿಯ ಒಳಗೇ ಪಾದವನ್ನು ಮೇಲಕ್ಕೆ ಕೆಳಕ್ಕೆ ಹತ್ತಿಪ್ಪತ್ತು ಸಲ ಆಡಿಸಿ. ಆಡಿಸಲು ಬಾರದವರಿಗೆ ಮನೆಯವರು ನಿಧಾನವಾಗಿ ಆಡಿಸಿ ಕೊಡಬೇಕು. ಎಳೆಯಬಾರದು, ಜರ್ಕ್ ಕೊಡಬಾರದು.
2. ಹಿಮ್ಮಡಿಯನ್ನು ಹಾಸಿಗೆಗೆ ಉಜ್ಜುತ್ತಾ ಮಂಡಿ ಮಡಚಿ, ಬಿಡಿಸಿ. ಬೆರಳು, ಮಣಿಕಟ್ಟು, ಭುಜ ತಿರುಗಿಸಿ.
3. ಫ್ಲಾಸ್ಕಿನಲ್ಲಿ ರಾತ್ರಿಯೇ ತುಂಬಿಟ್ಟ ಬಿಸಿನೀರನ್ನು ತಲೆ ಎತ್ತರಿಸಿಕೊಂಡು ಕುಡಿಯಿರಿ.
4. ಮಗ್ಗುಲಾಗಿ, ಕೈಯೂರಿ ಕುಳಿತುಕೊಳ್ಳಿ. ಸ್ವೆಟರನ್ನು ಇಲ್ಲೇ ಹಾಕಿಕೊಳ್ಳಿ.
5. ಮಂಚದ ಅಂಚಿನಲ್ಲಿ ಎರಡು ನಿಮಿಷ ಸುಮ್ಮನೆ ಕುಳಿತಿರಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ, ಬೀಳುವುದು ಆಗಲೇ.
6. ಚಪ್ಪಲಿ ಕಾಲಿಗೆ ಹೋದ ಮೇಲೆಯೇ ನಿಲ್ಲುವುದು.

ಕ್ಯಾಲಿಪರ್ ಹಾಕುವವರಿಗೆ ಇನ್ನೊಂದು ಮಾತು. ರಾತ್ರಿ ಅದನ್ನು ಗೋಡೆಗೆ ಒರಗಿಸಿಟ್ಟರೆ ಬೆಳಗ್ಗೆ ಆ ಕಬ್ಬಿಣದ ಪಟ್ಟಿ ತೊಡೆಗೆ ತಾಕಿದಾಗ ಜೀವ ಝಲ್ಲೆನ್ನುತ್ತದೆ. ಹಳೆಯ ಟವೆಲಿನಲ್ಲಿ ಸುತ್ತಿ ಹಾಸಿಗೆಯ ಕಾಲ್ದೆಸೆಯಲ್ಲಿ ಇಟ್ಟುಕೊಳ್ಳಿ. ಚರ್ಮದ ಪಟ್ಟಿ ಥಂಡಿಗೆ ಬಿರುಸಾಗಿ ಬಕಲ್ ಕೂರುವುದಿಲ್ಲ, ಎಳೆದರೆ ಹೊಲಿಗೆ ಬಿಡುತ್ತದೆ. ವಾರಕ್ಕೊಮ್ಮೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ನೆರಳಿನಲ್ಲಿ ಒಣಗಿಸಿ. ವಾಕರಿನ ಅಲ್ಯೂಮಿನಿಯಂ ಹಿಡಿಗೆ ಸೈಕಲ್ ಅಂಗಡಿಯ ರಬ್ಬರ್ ಗ್ರಿಪ್ ಹಾಕಿಸಿದರೆ ಸಾಕು.

ನೆಲ

ಚಳಿಗಾಲದಲ್ಲಿ ಬೀಳುವುದಕ್ಕೆ ಕಾಲುಚೀಲವೂ ಒಂದು ಕಾರಣ ಎಂದರೆ ನಂಬುವುದು ಕಷ್ಟ. ಬರಿಗಾಲಿಗೆ ನೆಲದ ಹಿಡಿತ ಇರುತ್ತದೆ. ಉಣ್ಣೆಯ ಕಾಲುಚೀಲ ಹಾಕಿ ರೆಡ್ ಆಕ್ಸೈಡ್ ನೆಲದ ಮೇಲೆ, ಅದೂ ಹತ್ತಾರು ವರ್ಷ ಒರೆಸಿ ಒರೆಸಿ ಕನ್ನಡಿಯಾದ ನೆಲದ ಮೇಲೆ ಹೆಜ್ಜೆಯಿಟ್ಟರೆ ಕಾಲು ಮುಂದೆ, ಮೈ ಹಿಂದೆ. ಕಾಲುಚೀಲದ ಮೇಲೆ ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ತಳದ ಚಪ್ಪಲಿ ಇರಲೇಬೇಕು. ಒಡೆದ ಹಿಮ್ಮಡಿಗೆ ಹರಳೆಣ್ಣೆ ಹಚ್ಚುವ ಕೆಲಸವನ್ನು ಮಲಗಿದ ಮೇಲೆ ಹಾಸಿಗೆಯಲ್ಲೇ ಮಾಡಿ, ರಾತ್ರಿ ಎದ್ದರೆ ಮೊದಲು ಒರೆಸಿಕೊಂಡು ಕಾಲಿಡಿ.

ಮಂಚದ ಪಕ್ಕ, ದೇವರಮನೆಯ ಮುಂದೆ, ಕುರ್ಚಿಯ ಕೆಳಗೆ ಹಾಸು ಹಾಕುವುದಾದರೆ ಅಂಚು ಸುರುಳಿಯಾಗದ, ತಳದಲ್ಲಿ ರಬ್ಬರ್ ಇರುವ ಹಾಸು ಹಾಕಿ. ಗೋಣಿಚೀಲ, ಹಳೆಯ ಸೀರೆಯಲ್ಲಿ ಹೆಣೆದ ಕಾಲೊರಸು, ಮಡಿಸಿದ ಜಮಖಾನ, ಈ ಮೂರೂ ವಾಕರಿನ ಕಾಲಿಗೆ ತೊಡರುತ್ತವೆ.

ಅಂಗಳದ್ದು ಬೇರೆ ಕಥೆ. ಧನುರ್ಮಾಸದಲ್ಲಿ ಬೀದಿಯ ಪ್ರತಿಯೊಂದು ಮನೆಯ ಮುಂದೆಯೂ ನಸುಕಿಗೇ ನೀರು ಹಾಕಿ ರಂಗೋಲಿ ಇಡುತ್ತಾರೆ. ಮೇಲಿನಿಂದ ಇಬ್ಬನಿ, ಕೆಳಗಿನಿಂದ ನೀರು. ಬಿಸಿಲು ತಾಗುವವರೆಗೆ ಆ ಕಲ್ಲು ಆರುವುದಿಲ್ಲ. ಮನೆಯವರಿಗೆ ಹೇಳಿ ಇಳಿಜಾರಿನ ಒಂದು ಬದಿಯನ್ನು, ಎರಡಡಿ ಅಗಲ ಸಾಕು, ಒಣದಾಗಿ ಉಳಿಸಿಕೊಳ್ಳಿ. ಕೋಲಿನ ತುದಿಯ ರಬ್ಬರ್ ಬುಶ್ಶನ್ನು ತಿರುಗಿಸಿ ನೋಡಿ: ಬಳೆಬಳೆಯಾಗಿ ಗೆರೆ ಕಾಣಬೇಕು. ಗೆರೆ ಸವೆದು ಬೋಳಾಗಿದ್ದರೆ, ಇಲ್ಲವೇ ಒಳಗಿನ ಲೋಹ ಇಣುಕುತ್ತಿದ್ದರೆ ಇಂದೇ ಬದಲಿಸಿ. ಕೆಲವು ಹತ್ತು ರೂಪಾಯಿಗಳ ವಸ್ತು, ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ಸ್ನಾನ

ಮೈಸೂರಿನ ಬಹಳಷ್ಟು ಮನೆಗಳ ತಾರಸಿಯಲ್ಲಿ ಸೋಲಾರ್ ಇದೆ. ಅದರ ನೀರು ಚೆನ್ನಾಗಿ ಕಾದಿರುವುದು ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ತಣ್ಣೀರು ಒಂದು ಬಕೆಟ್ ಬರುತ್ತದೆ. ಅದನ್ನು ಬಟ್ಟೆಗೆ ಹಿಡಿದಿಟ್ಟು ಆಮೇಲೆ ಕುಳಿತುಕೊಳ್ಳಿ. ಸಾಧ್ಯವಿದ್ದರೆ ಸ್ನಾನವನ್ನೇ ಮಧ್ಯಾಹ್ನಕ್ಕೆ ಹಾಕಿ, ತಲೆ ಒಣಗಲು ಬಿಸಿಲೂ ಸಿಗುತ್ತದೆ.

ಮಣೆಯ ಮೇಲೆ ಕೂರುವ ಹಟ ಬಿಡಿ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ, ಅದರ ಕಾಲಿಗೆ ರಬ್ಬರ್ ಬುಶ್, ಗೋಡೆಗೆ ಸ್ಟೀಲಿನ ಹಿಡಿಕೆ. ಟವೆಲ್ ಒಣಗಿಸುವ ಕಂಬಿಯನ್ನೇ ಹಿಡಿಕೆ ಎಂದುಕೊಳ್ಳಬೇಡಿ, ಮೈಭಾರಕ್ಕೆ ಅದು ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಚಿಲಕ ಹಾಕಬೇಡಿ, ಬಾಗಿಲಿನ ಮೇಲೊಂದು ಟವೆಲ್ ಹಾಕಿದ್ದರೆ ಒಳಗೆ ಜನ ಇದ್ದಾರೆ ಎಂದು ಅರ್ಥ ಮಾಡಿಕೊಳ್ಳುವಂತೆ ಮನೆಯಲ್ಲಿ ಹೇಳಿಬಿಡಿ. ಒಳಕ್ಕೆ ತೆರೆಯುವ ಬಾಗಿಲಿದ್ದರೆ ಅದನ್ನು ಹೊರಕ್ಕೆ ತೆರೆಯುವಂತೆ ಬಡಗಿಯಿಂದ ಮಾಡಿಸಿ, ಏಕೆಂದರೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ.

ನೀರಿನ ಬಿಸಿಯನ್ನು ಪಾದದಿಂದ ನೋಡಬೇಡಿ. ಸಕ್ಕರೆ ಕಾಯಿಲೆಯಿಂದಲೋ ಬೆನ್ನುಹುರಿಯ ಪೆಟ್ಟಿನಿಂದಲೋ ಪಾದಕ್ಕೆ ಸ್ಪರ್ಶ ತಿಳಿಯದಿದ್ದರೆ ಸುಡುವ ನೀರೂ ಉಗುರುಬೆಚ್ಚಗೆ ಅನ್ನಿಸುತ್ತದೆ. ಸ್ಪರ್ಶ ಇರುವ ಮೊಣಕೈ ಅದ್ದಿ ನೋಡಿ. ಬಕೆಟಿಗೆ ಇಳಿಬಿಡುವ ಹೀಟರ್ ಕಾಯಿಲನ್ನು ಪ್ಲಗ್ ಕಿತ್ತ ಮೇಲೆ ಮಾತ್ರ ಮುಟ್ಟಬೇಕು. ಬೇಗ ಹಿಂದೆ ಸರಿಯಲಾಗದವರ ಮನೆಗೆ ಅದು ಬೇಡವೇ ಬೇಡ. ಗ್ಯಾಸ್ ಗೀಸರ್ ಇದ್ದರೆ ಬಚ್ಚಲಿನ ಹೊರಗೆ ಇರಲಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಹೋಗಿರುತ್ತದೆ.

ಬೆಂಕಿ ಮತ್ತು ಶಾಖ

ಅದೇ ಕಾರಣಕ್ಕೆ ಇದ್ದಿಲು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರಬಾರದು. ಹಳ್ಳಿಗಳಲ್ಲಿ ಅಂಗಳದಲ್ಲಿ ತರಗು ಗುಡ್ಡೆ ಹಾಕಿ ಬೆಂಕಿ ಕಾಯಿಸಿಕೊಳ್ಳುವುದು ಚಳಿಗಿಂತ ಹರಟೆಗಾಗಿಯೇ ಹೆಚ್ಚು, ನಾನೂ ಬಿಡುವವನಲ್ಲ. ಆದರೆ ವೀಲ್‌ಚೇರನ್ನು ಬ್ರೇಕ್ ಹಾಕಿ ಎರಡು ಮಾರು ದೂರ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿಸಿ. ಪಾಲಿಯೆಸ್ಟರ್ ಶಾಲು, ಸಿಂಥೆಟಿಕ್ ಸೀರೆಯ ಸೆರಗು ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕರಿ ಕುರಿಯ ಉಣ್ಣೆಯ ಕಂಬಳಿ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಇಬ್ಬನಿಯನ್ನೂ ತಡೆಯುತ್ತದೆ. ಚುಚ್ಚುತ್ತದೆಂದು ಬೇಸರಿಸುವವರು ಒಳಗೊಂದು ಹತ್ತಿಯ ಪಂಚೆ ಸೇರಿಸಿ ಹೊದೆಯಬಹುದು.

ಬಿಸಿನೀರಿನ ರಬ್ಬರ್ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ. ಮುಕ್ಕಾಲು ತುಂಬಿಸಿ, ಗಾಳಿ ಹೊರಗೆ ಒತ್ತಿ, ಬಿರಡೆ ಬಿಗಿದು, ದಪ್ಪ ಟವೆಲಿನಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಇಡಿ. ಮಲಗುವ ಮೊದಲು ಹಾಸಿಗೆ ಬೆಚ್ಚಗೆ ಮಾಡಲು ಬಳಸಿ, ಮಲಗುವಾಗ ಹೊರಗೆ ತೆಗೆಯಿರಿ. ಸ್ಪರ್ಶ ತಿಳಿಯದ ಕಾಲಿಗೆ ಅದನ್ನು ತಾಗಿಸಲೇಬಾರದು. ನನ್ನ ನೀಲಿಗಟ್ಟಿದ ಕಾಲಿಗೆ ಹಿಡಿಸುವುದು ಬೆಳಗ್ಗೆ ಹತ್ತರ ನಂತರ ಜಗಲಿಯ ಬಿಸಿಲು. ಗಾಜಿನ ಕಿಟಕಿಯ ಒಳಗೆ ಕುಳಿತರೆ ಬೆಚ್ಚಗಾಗುತ್ತದೆ, ಆದರೆ ಡಿ ಜೀವಸತ್ವಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯಿರುವ ಕೋಣೆಗೆ ಹಗಲಿನ ಹಾಸಿಗೆಯನ್ನು ಬದಲಿಸುವುದು ಒಳ್ಳೆಯ ಉಪಾಯ.

ರೂಮ್ ಹೀಟರ್ ಕೊಳ್ಳುವವರು ಲೆಕ್ಕ ಹಾಕಿ. 2000 ವಾಟಿನ ಹೀಟರ್ ದಿನಕ್ಕೆ ಮೂರು ಗಂಟೆ ಉರಿದರೆ 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ. ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು, ಹೊಸ್ತಿಲ ಸಂದಿಗೆ ಸುತ್ತಿದ ಬಟ್ಟೆ ಒತ್ತಿದರೆ ನಮ್ಮ ಚಳಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಆದರೂ ಬೇಕೆಂದರೆ 16 ಆಂಪಿಯರ್ ಪ್ಲಗ್ಗಿಗೆ ನೇರವಾಗಿ ಹಾಕಿ. ಎಕ್ಸ್‌ಟೆನ್ಷನ್ ವಯರು ಬಿಸಿಯಾಗಿ ಕರಗುತ್ತದೆ, ಕಾಲಿಗೂ ಸಿಕ್ಕಿಕೊಳ್ಳುತ್ತದೆ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿ, ಮುಂದೆ ಗುಂಡಿಯಿರುವ ಸ್ವೆಟರ್, ತಲೆಗೆ ಮಂಕಿ ಟೋಪಿ. ವೀಲ್‌ಚೇರಿನವರು ಶಾಲಿನ ಎರಡೂ ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿ, ಇಲ್ಲದಿದ್ದರೆ ಅದು ಚಕ್ರದ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಕೂರುವ ಜಾಗದಲ್ಲಿ ಕಂಬಳಿಯ ಮಡಿಕೆ ಬೇಡ, ಅದರ ಮೇಲೆ ಗಂಟೆಗಟ್ಟಲೆ ಕುಳಿತರೆ ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರನ್ನು, ಬೆಚ್ಚಗೆ ಮಲಗಿದ್ದಾರೆ ಪಾಪ ಎಂದುಕೊಂಡು ಹಾಗೇ ಬಿಡದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು.

ನೀರು ಕುಡಿಯುವುದು, ರಾತ್ರಿ ಏಳುವುದು

ಯಾರೂ ಬಾಯಿಬಿಟ್ಟು ಹೇಳದ ತೊಂದರೆ ಇದು. ಚಳಿಗೆ ಮೂತ್ರ ಹೆಚ್ಚು, ಬಾಯಾರಿಕೆ ಕಡಿಮೆ. ಏಳುವುದು ಕಷ್ಟವೆಂದು ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಮಲಬದ್ಧತೆ, ಉರಿಮೂತ್ರ, ವಯಸ್ಸಾದವರಾದರೆ ಸೋಂಕಿನಿಂದ ಮಾತು ತಡವರಿಸುವವರೆಗೂ ಹೋಗುತ್ತದೆ. ನೀರನ್ನು ಬಿಡುವುದಲ್ಲ, ಹೊತ್ತು ಬದಲಿಸುವುದು. ದಿನದ ನೀರಿನ ಹೆಚ್ಚಿನ ಪಾಲನ್ನು ಸಂಜೆ ಆರರೊಳಗೆ ಮುಗಿಸಿ. ಹುರುಳಿಕಟ್ಟಿನ ಸಾರು, ಮೆಣಸಿನ ಸಾರು, ರಾಗಿ ಅಂಬಲಿ ಎಲ್ಲವೂ ನೀರಿನ ಲೆಕ್ಕಕ್ಕೇ ಬರುತ್ತವೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಇದ್ದವರು ವೈದ್ಯರ ಮಾತನ್ನೇ ಪಾಲಿಸಿ. ಮೂತ್ರ ಹೋಗಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುತ್ತಿದ್ದರೆ ಬೆಳಗಿಗೆ ಬದಲಿಸಬಹುದೇ ಎಂದು ಅವರನ್ನು ಕೇಳಿ. ರಕ್ತದೊತ್ತಡವನ್ನೂ ಈ ತಿಂಗಳುಗಳಲ್ಲಿ ಮತ್ತೊಮ್ಮೆ ನೋಡಿಸಿ, ಹಾಗೆಯೇ ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ.

ಅವರೆಕಾಯಿಯ ಕಾಲ ಇದೇ. ಸೊಗಡಿನ ಅವರೆಕಾಳಿನ ಸಾರು ಬಿಡಿ ಎನ್ನುವ ಧೈರ್ಯ ನನಗಿಲ್ಲ. ಮಧ್ಯಾಹ್ನವೇ ಉಣ್ಣಿ; ರಾತ್ರಿ ಉಂಡು ಮಲಗಿದರೆ ಹೊಟ್ಟೆ ಉಬ್ಬರಿಸಿ ನಿದ್ದೆ ಕೆಡುತ್ತದೆ.

ರಾತ್ರಿ ಮಂಚದ ಪಕ್ಕವೇ ಕಮೋಡ್ ಕುರ್ಚಿ ಅಥವಾ ಮುಚ್ಚಳವಿರುವ ಯೂರಿನಲ್ ಇಟ್ಟುಕೊಳ್ಳುವುದಕ್ಕೆ ಸಂಕೋಚ ಪಡಬೇಡಿ. ಅಲ್ಲಿಯವರೆಗೂ ಮಂದ ಬೆಳಕಿನ ಬಲ್ಬು ಉರಿಯುತ್ತಿರಲಿ, ಕರೆಂಟು ಹೋದರೆ ಕೈಗೆಟಕುವಲ್ಲಿ ಟಾರ್ಚು.

ಹೊರಗೆ ಹೊರಟಾಗ

ಮಂಡ್ಯ ಕಡೆಯವರಿಗೆ ವಿಶೇಷ ಎಚ್ಚರ ಬೇಕು. ನಾಲೆ, ಗದ್ದೆ, ಕಬ್ಬಿನ ತೋಟದ ನಡುವಿನ ರಸ್ತೆಗಳಲ್ಲಿ ಮಂಜು ತಡವಾಗಿ ಕರಗುತ್ತದೆ, ಹಿಂದಿನ ದೀಪವಿಲ್ಲದ ಎತ್ತಿನಗಾಡಿ, ಟ್ರ್ಯಾಕ್ಟರು ಎದುರಿಗೆ ಬಂದು ನಿಂತ ಮೇಲಷ್ಟೇ ಕಾಣುತ್ತವೆ. ಅದಕ್ಕಿಂತ ಕಾಟ ರಸ್ತೆಯ ಮೇಲಿನ ಒಕ್ಕಣೆ. ರಾಗಿ, ಹುರುಳಿಯ ಹೊರೆಯನ್ನು ಡಾಂಬರಿನ ಮೇಲೆ ಹರಡಿರುತ್ತಾರೆ. ಪಕ್ಕದ ಚಕ್ರ ಕೂಡಿಸಿದ ನಮ್ಮ ಸ್ಕೂಟರಿನ ಒಂದು ಗಾಲಿ ಹುಲ್ಲಿನ ಮೇಲೆ, ಇನ್ನೊಂದು ಡಾಂಬರಿನ ಮೇಲೆ ಬಂದಾಗ ಬ್ರೇಕ್ ಒತ್ತಿದರೆ ಗಾಡಿ ತಿರುಗಿಕೊಳ್ಳುತ್ತದೆ. ಮೊದಲೇ ವೇಗ ಇಳಿಸಿ, ನೇರವಾಗಿ, ಬ್ರೇಕ್ ಮುಟ್ಟದೆ ದಾಟಿ. ಹುಲ್ಲು ದಪ್ಪವಾಗಿದ್ದರೆ ನಿಲ್ಲಿಸಿ ಹಾರ್ನ್ ಮಾಡಿ, ದಾರಿ ಬಿಡಿಸಿಕೊಡಿ ಎಂದು ಕೇಳಿ. ಅವರು ಬೈದುಕೊಂಡರೂ ಬಿಡಿಸಿಕೊಡುತ್ತಾರೆ.

ವೈಕುಂಠ ಏಕಾದಶಿಗೆ ಶ್ರೀರಂಗಪಟ್ಟಣಕ್ಕೆ ಹೋಗುವವರು, ಜನವರಿ 1ರಂದು ಮೈಸೂರಿನ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದ ಲಡ್ಡು ಬಯಸುವವರು ನಸುಕಿನ ಸಾಲಿಗೆ ಹೋಗಬೇಡಿ. ಕಲ್ಲುಹಾಸು ಬರಿಗಾಲಿಗೆ ಕೊರೆಯುತ್ತದೆ, ನೂಕುನುಗ್ಗಲಿನಲ್ಲಿ ಕೋಲು ಯಾರ ಕಾಲಿಗೋ ಸಿಕ್ಕುತ್ತದೆ. ಬಿಸಿಲೇರಿದ ಮೇಲೆ ಹೋಗಿ, ವೀಲ್‌ಚೇರಿಗೆ ಬೇರೆ ಬಾಗಿಲಿದೆಯೇ ಎಂದು ವಿಚಾರಿಸಿ.

ಇನ್ನು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಬರುವ ಸೋನೆಮಳೆಯ ದಿನಗಳು. ಆಗ ಹಗಲೂ ಬೆಚ್ಚಗಾಗುವುದಿಲ್ಲ. ಆ ದಿನಗಳಿಗೆಂದು ಮಾತ್ರೆ, ಹಾಲಿನ ಪುಡಿ, ರಾಗಿಹಿಟ್ಟು ಒಂದು ವಾರದ್ದು ಮನೆಯಲ್ಲಿರಲಿ, ಹೊರಗಿನ ಕೆಲಸವನ್ನು ಮುಲಾಜಿಲ್ಲದೆ ಮುಂದೂಡಿ.

ಬಿದ್ದರೆ

1. ತಕ್ಷಣ ಏಳಲು ಹೋಗಬೇಡಿ. ಸೊಂಟ, ತಲೆ, ಮಣಿಕಟ್ಟು ನೋವಿದೆಯೇ ನೋಡಿಕೊಳ್ಳಿ. ಕಾಲು ಹೊರಕ್ಕೆ ತಿರುಗಿ ಗಿಡ್ಡವಾದಂತೆ ಕಂಡರೆ ಸೊಂಟದ ಮೂಳೆ ಮುರಿದಿರಬಹುದು, ಅಲುಗಬೇಡಿ, 108ಕ್ಕೆ ಕರೆ ಮಾಡಿ.
2. ನೋವಿಲ್ಲದಿದ್ದರೆ ಮಗ್ಗುಲಾಗಿ, ಕೈಮಂಡಿಯ ಮೇಲೆ ಗಟ್ಟಿ ಕುರ್ಚಿಯವರೆಗೆ ತೆವಳಿ, ಕುರ್ಚಿಗೆ ಕೈಯೂರಿ, ಗಟ್ಟಿ ಕಾಲನ್ನು ಮೊದಲು ಊರಿ ಏಳಿ.
3. ಏಳಲು ಬಾರದಿದ್ದರೆ ನೆಲದ ತಂಡಿಯಿಂದ ಮೈಯನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ. ಗಂಟೆಗಟ್ಟಲೆ ಆ ನೆಲದ ಮೇಲೆ ಬಿದ್ದಿದ್ದರೆ ಮೈಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇದಕ್ಕಾಗಿಯೇ ಹಾಲ್ ಮತ್ತು ಬಚ್ಚಲಿನ ಹತ್ತಿರ, ನೆಲದಿಂದ ಕೈಗೆಟಕುವ ಎತ್ತರದಲ್ಲಿ ಹಳೆಯ ಕಂಬಳಿಯೊಂದನ್ನು ಮಡಿಸಿಟ್ಟಿರಬೇಕು. ಅರ್ಧ ಕೆಳಗೆ ಎಳೆದುಕೊಂಡು, ಅರ್ಧ ಹೊದೆಯಿರಿ.
4. ಮೊಬೈಲ್ ಕೊರಳಲ್ಲಿ ಚೀಲದೊಳಗೆ ಇರಲಿ. ಮೇಜಿನ ಮೇಲಿರುವ ಮೊಬೈಲ್ ಬಿದ್ದವರ ಪಾಲಿಗೆ ಇಲ್ಲದಂತೆಯೇ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು, ಎದೆ ಹಿಂಡಿದಂತಾಗುವುದು ಕಂಡರೆ ಶುಂಠಿ ಕಷಾಯ ಕಾಯಿಸುತ್ತಾ ಕೂರದೆ ನೇರವಾಗಿ 108. ಒಂಟಿಯಾಗಿರುವವರು ಪಕ್ಕದ ಮನೆಯವರ ಕೈಗೆ ಒಂದು ಬೀಗದ ಕೈ ಕೊಟ್ಟಿರಿ. ಬೆಳಗ್ಗೆ ಒಂಬತ್ತಾದರೂ ಹಾಲಿನ ಪಾಕೆಟ್ ಬಾಗಿಲಲ್ಲೇ ಇದ್ದರೆ ಒಳಗೆ ಬಂದು ನೋಡುವುದು ಎಂದು ಮಾತಾಗಿರಲಿ.

ಯಾರನ್ನು ಕೇಳುವುದು

ಹಿರಿಯ ನಾಗರಿಕರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಕರೆಂಟು ಕೈಕೊಟ್ಟರೆ 1912. ಕೋಲು, ವಾಕರ್, ವೀಲ್‌ಚೇರ್, ಕಮೋಡ್ ಕುರ್ಚಿ ಬೇಕಾದವರು ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಊರಿನವರು ಅವರನ್ನು ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ, ಬಹುತೇಕ ಅವರೂ ವಿಕಲಚೇತನರೇ ಆಗಿರುತ್ತಾರೆ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಇಳಿಜಾರು, ಹಿಡಿಕೆ, ಸಲಕರಣೆ ಏನೇ ಬೇಕಿದ್ದರೂ ಆ ಶೇ 5ರ ಮಾತನ್ನು ಎತ್ತಿ ಅರ್ಜಿ ಕೊಡಿ. ನಗರದಲ್ಲಿರುವವರು ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಕಲ್ಯಾಣಾಧಿಕಾರಿಯ ಕಚೇರಿಗೆ ಹೋಗಬೇಕು. 60 ದಾಟಿದ ಬಿಪಿಎಲ್ ಕುಟುಂಬದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ಸಲಕರಣೆ ಉಚಿತವಾಗಿ ಸಿಗುತ್ತದೆ. ತಪಾಸಣಾ ಶಿಬಿರ ಯಾವಾಗ ಎಂದು ಅಲ್ಲೇ ವಿಚಾರಿಸಿ.

ಅರ್ಜಿಯ ಜೊತೆ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡು, ಆಧಾರ್, ಪಡಿತರ ಚೀಟಿಯ ನಕಲು ಇರಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ಈ ಚಳಿಗೆ ಕೇಳಿದ್ದು ಕೈಗೆ ಬರುವಷ್ಟರಲ್ಲಿ ಶಿವರಾತ್ರಿ ದಾಟಿರಬಹುದು. ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಗೌರಿ ಹಬ್ಬದ ಹೊತ್ತಿಗೇ ಬರೆದು ಕೊಟ್ಟುಬಿಡಿ.